ಗುಳ್ಳೆ ಗಾಜಿನ ಹೂದಾನಿ ಯಾರು ಮಾಡಿದ್ದು? ನಾನು ಹುಡುಕುವ ಬಗೆ

ಮೈತುಂಬ ಗುಳ್ಳೆಗಳಿರುವ ಹಳೇ ಹೂದಾನಿ ಕಂಡರೆ ಸಾಕು, ಜನ ‘ಮುರಾನೊ’ ಅಂದುಬಿಡುತ್ತಾರೆ. ಇಟಲಿಯ ಮುರಾನೊ ದ್ವೀಪದವರು ಈ ಕೆಲಸದಲ್ಲಿ ಪಳಗಿದವರು, ನಿಜ. ಆದರೆ ಫ್ರಾನ್ಸ್, ಇಂಗ್ಲೆಂಡ್, ಫಿನ್ಲೆಂಡ್, ಅಮೆರಿಕದವರೂ ಗುಳ್ಳೆ ಗಾಜು ಮಾಡಿದ್ದಾರಲ್ವಾ? ಹಾಗಾಗಿ ಹೆಸರಿನ ಯೋಚನೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ಗುಳ್ಳೆ ಹೇಗೆ ಬಂತು ಅಂತ ನೋಡುತ್ತೇನೆ. ಸಾಲಾಗಿ, ಒಂದೇ ಅಳತೆಯಲ್ಲಿ ನಿಂತಿದ್ದರೆ ಅದು ಸಾಮಾನ್ಯವಾಗಿ ಅಚ್ಚಿನ ಕೆಲಸ. ಒಳಗೆ ಮೊನೆಗಳಿರುವ ಅಚ್ಚಿಗೆ ಬಿಸಿ ಗಾಜನ್ನು ಒತ್ತುತ್ತಾರೆ, ಮೈತುಂಬ ಕುಳಿ ಬೀಳುತ್ತವೆ. ಮೇಲೆ ಇನ್ನೊಂದು ಪದರ ಗಾಜು ಹೊದಿಸಿದರೆ ಕುಳಿಯ ಗಾಳಿ ಅಲ್ಲೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಮುರಾನೊದಲ್ಲಿ ಇದಕ್ಕೆ ‘ಬುಲ್ಲಿಕಾಂತೆ’ ಅನ್ನುತ್ತಾರೆ. ಕತ್ತಿನ ಹತ್ತಿರ ಗಾಜನ್ನು ಎಳೆದಿದ್ದರೆ ಅಲ್ಲಿನ ಗುಳ್ಳೆಗಳೂ ಉದ್ದುದ್ದ ಆಗಿರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ಜಾಗ ಅದು.

ಗುಳ್ಳೆಗಳು ಹೇಗೆಂದರೆ ಹಾಗೆ ಚೆಲ್ಲಿದ್ದರೆ ಬೇರೆ ದಾರಿ ಹಿಡಿಯುತ್ತೇನೆ. ಫ್ರಾನ್ಸಿನ ಬಿಯೋ ಊರಿನಲ್ಲಿ 1956ರಲ್ಲಿ ಶುರುವಾದ ಕಾರ್ಖಾನೆಯವರು ಗಾಜಿನ ಎರಡು ಪದರದ ನಡುವೆ ಸೋಡಾ ಪುಡಿ ಉದುರಿಸುತ್ತಾರೆ. ಬಿಸಿಗೆ ಅದರಿಂದ ಅನಿಲ ಎದ್ದು ಗುಳ್ಳೆ ಮೂಡುತ್ತದೆ. ಗಾಜೆಲ್ಲ ನೊರೆಯ ಹಾಗೆ ದಟ್ಟವಾಗಿದ್ದರೆ ಮುರಾನೊದ ‘ಪುಲೆಗೋಸೊ’ ನೆನಪಾಗುತ್ತದೆ. ವೆನಿನಿ ಕಾರ್ಖಾನೆಯಲ್ಲಿ ನೆಪೋಲಿಯೊನೆ ಮಾರ್ತಿನೂಚ್ಚಿ 1920ರ ದಶಕದ ಕೊನೆಯಲ್ಲಿ ತಂದ ಬಗೆ ಅದು.

ಇಷ್ಟಾದ ಮೇಲೆ ಹೂದಾನಿ ಬೋರಲು ಹಾಕುತ್ತೇನೆ. ನನ್ನ ಹೆಚ್ಚಿನ ಸಮಯ ಹೋಗುವುದು ತಳದ ಮೇಲೆಯೇ. ಮಾಡುವಾಗ ಹಿಡಿದುಕೊಳ್ಳಲು ತಳಕ್ಕೆ ಅಂಟಿಸಿದ್ದ ಕಬ್ಬಿಣದ ಸಲಾಕೆ ಬಿಡಿಸಿದ ಗುರುತು ಒರಟಾಗಿ ಉಳಿದಿದೆಯೋ, ಉಜ್ಜಿ ನುಣುಪು ಮಾಡಿದ್ದಾರೋ ಅಂತ ಬೆರಳಾಡಿಸಿ ನೋಡುತ್ತೇನೆ. ಆಮೇಲೆ ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಓರೆಯಾಗಿ ಹಿಡಿಯುತ್ತೇನೆ. ನೇರ ಬೆಳಕಿಗೆ ಕಾಣದ, ಗೀಚಿದ ಸಹಿ ಓರೆ ಬೆಳಕಿಗೆ ಎದ್ದು ಕಾಣುತ್ತದೆ. ದಪ್ಪ ಬಿಳಿ ಗಾಜಿನ ಒಂದು ಹೂದಾನಿಯಲ್ಲಿ ಸಣ್ಣ ಗುಳ್ಳೆಗಳ ಅಂದವಾದ ಸಾಲಿತ್ತು. ತಳದ ಅಂಚಲ್ಲಿ ಕೂದಲೆಳೆಯಂಥ ಬರಹ ಸಿಕ್ಕಿತು: ಜಿ. ನ್ಯೂಮನ್, ನೂತಾಯಾರ್ವಿ ನೋಟ್ಶೋ. ಫಿನ್ಲೆಂಡಿನ ನೂತಾಯಾರ್ವಿ ಗಾಜಿನ ಕಾರ್ಖಾನೆಗೆ ಗುನ್ನೆಲ್ ನ್ಯೂಮನ್ ಅವರು ಮಾಡಿಕೊಟ್ಟ ವಿನ್ಯಾಸ! ಅವರು 1948ರಲ್ಲೇ ತೀರಿಕೊಂಡರು, ವಿನ್ಯಾಸಗಳು ಮಾತ್ರ ಆಮೇಲೂ ತಯಾರಾದವು. ಹಾಗಾಗಿ ಸಹಿ ನೋಡಿ ವಿನ್ಯಾಸಕಿಯನ್ನು ಹೇಳಿದೆ, ವರ್ಷ ಹೇಳಲಿಲ್ಲ.

ಸಹಿ ಇಲ್ಲದಿದ್ದರೆ ಕೆಲಸ ಜಾಸ್ತಿ. ಇಂಗ್ಲೆಂಡಿನ ವೈಟ್‌ಫ್ರಯರ್ಸ್ ಗಾಜಿನ ಕಾರ್ಖಾನೆಯವರು ಹೆಚ್ಚಾಗಿ ಕಾಗದದ ಚೀಟಿ ಅಂಟಿಸುತ್ತಿದ್ದರು. ತೊಳೆದರೆ ಹೋಯಿತು. ಅಲ್ಲದೆ ಚೀಟಿಯನ್ನು ಕಿತ್ತು ಇನ್ನೊಂದಕ್ಕೆ ಅಂಟಿಸುವುದೂ ಸುಲಭ, ಅದಕ್ಕೇ ಬರೀ ಚೀಟಿಯನ್ನು ನಾನು ನಂಬುವುದಿಲ್ಲ. ಆಗ ಕಾರ್ಖಾನೆಗಳ ಹಳೇ ಕ್ಯಾಟಲಾಗ್ ತೆಗೆದು ಆಕಾರ, ಎತ್ತರ, ಬಣ್ಣ ಹೋಲಿಸುತ್ತೇನೆ. ಮೂರೂ ಕೂಡಿಬಂದರೆ ಮಾತ್ರ ಹೆಸರು. ಬರದಿದ್ದರೆ ನನ್ನ ಪುಸ್ತಕದಲ್ಲಿ ‘ಅಚ್ಚಿನ ಗುಳ್ಳೆ, ಎರಡು ಪದರ, ಉಜ್ಜಿದ ತಳ’ ಅಂತಷ್ಟೇ ಬರೆದು, ಅಳತೆ, ತೂಕ ಮತ್ತು ತಳದ ಫೋಟೋ ಸೇರಿಸಿಡುತ್ತೇನೆ. ಮುಂದೆ ಹೊಸ ಕ್ಯಾಟಲಾಗ್ ಸಿಕ್ಕಾಗ ಮೊದಲು ತೆರೆಯುವುದು ಆ ಪುಟಗಳನ್ನೇ.