ಯಾವ ಸಿನಿಮಾ ಥಿಯೇಟರಿಗೆ, ಯಾವುದು ಮನೆಗೆ?

ವಿಶಾಲ ದೃಶ್ಯ, ಎದೆ ನಡುಗಿಸುವ ಸದ್ದು ಇರುವ ಚಿತ್ರವನ್ನು ಥಿಯೇಟರಿನಲ್ಲೇ ನೋಡಿ. 2024ರ ‘ಡ್ಯೂನ್: ಪಾರ್ಟ್ ಟು’ ಅಂಥದ್ದು, ಅವಧಿ 2 ಗಂಟೆ 46 ನಿಮಿಷ. ಪರದೆಯಿಂದ ಹಿಂದಕ್ಕೆ ಥಿಯೇಟರಿನ ಉದ್ದದ ಮೂರನೇ ಎರಡರಷ್ಟು ದೂರದಲ್ಲಿ, ಸಾಲಿನ ನಡುವೆ ಸೀಟು ಹಿಡಿಯಿರಿ. ಸದ್ದು ಅಲ್ಲಿ ಸಮನಾಗಿ ಕೇಳುತ್ತದೆ.

2023ರ ‘ಪರ್ಫೆಕ್ಟ್ ಡೇಸ್’ ಮನೆಗೂ ಒಗ್ಗುತ್ತದೆ. ಟೋಕಿಯೊದಲ್ಲಿ ಶೌಚಾಲಯ ತೊಳೆಯುವವನ ದಿನಚರಿ, ಮಾತು ಬಲು ಕಡಿಮೆ. ಫೋನ್ ಪಕ್ಕದ ಕೋಣೆಯಲ್ಲಿರಲಿ.

ಟಿವಿಯಲ್ಲಿ ಮೊದಲು ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಅದು ಇಲ್ಲದ ಫ್ರೇಮುಗಳನ್ನು ತುರುಕಿ ಧಾರಾವಾಹಿಯ ಕಳೆ ತರುತ್ತದೆ. ಸಂಗೀತ ಅಬ್ಬರಿಸಿ ಮಾತು ಕೇಳದಿದ್ದರೆ ಆಡಿಯೊವನ್ನು 5.1ರಿಂದ (ಆರು ಚಾನೆಲ್‌ಗಳ ಸದ್ದು) ಸ್ಟೀರಿಯೊಗೆ (ಎರಡು ಚಾನೆಲ್) ಬದಲಿಸಿ. ಟಿವಿಯ ಎರಡೇ ಸ್ಪೀಕರಿನಲ್ಲಿ 5.1 ಹಾಕಿದರೆ ಮಾತಿನ ಚಾನೆಲ್ ಸೊರಗಬಹುದು.

ಬೇರೆಯವರಿಗೆ ಚಿತ್ರ ಸೂಚಿಸುವಾಗ ಕಥೆ ಬಿಟ್ಟುಕೊಡಬೇಡಿ. ಅವಧಿ, ವೇಗ, ಹಿಂಸೆ ಎಷ್ಟಿದೆ ಎಂಬುದನ್ನಷ್ಟೇ ಹೇಳಿ.