ಜೀಪಿನ ಶ್ಯಾಕಲ್ ಬೋಲ್ಟು ಜಗ್ಗದಿದ್ದಾಗ

ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರ ಎಂಎಂ 540 ಜೀಪಿಗೆ ನಾಲ್ಕೂ ಕಡೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್‌ಗಳೇ ಇವೆ. ಬೊಲೆರೊದಲ್ಲಿ ಹಿಂಬದಿಗೆ ಮಾತ್ರ. ಭಾರ ಬಿದ್ದಾಗ ಕಮಾನಿನಂತೆ ಬಾಗಿದ ಪಟ್ಟಿ ಚಪ್ಪಟೆಯಾಗಿ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುವುದರಿಂದ, ಒಂದು ತುದಿಯನ್ನು ಚಾಸಿಗೆ (ವಾಹನದ ಅಡಿಚೌಕಟ್ಟಿಗೆ) ನೇರವಾಗಿ ಬಿಗಿದು ಇನ್ನೊಂದನ್ನು ತೂಗಾಡಲು ಬಿಡಬೇಕಾಗುತ್ತದೆ. ಆ ತೂಗಾಟಕ್ಕೆ ಅವಕಾಶ ಕೊಡುವ ಜೋಡಿ ಪ್ಲೇಟುಗಳೇ ಶ್ಯಾಕಲ್. ಅದನ್ನು ಬದಲಾಯಿಸುವುದು ಕಷ್ಟದ ಕೆಲಸವಲ್ಲ. ಹತ್ತಾರು ಮಳೆಗಾಲಗಳ ಕೆಸರನ್ನೋ ಕರಾವಳಿಯ ಉಪ್ಪುಗಾಳಿಯನ್ನೋ ಉಂಡ ಅದರ ಬೋಲ್ಟುಗಳನ್ನು ಹೊರತೆಗೆಯುವುದೇ ಕಷ್ಟ.

ಬೋಲ್ಟು ಎಲ್ಲಿ ಹಿಡಿದುಕೊಂಡಿದೆ ಎಂದು ತಿಳಿಯುವ ಮೊದಲು ಬಲ ಹಾಕಬಾರದು. ಹಿಡಿತಕ್ಕೆ ಸಾಮಾನ್ಯವಾಗಿ ಎರಡು ಜಾಗಗಳಿವೆ. ಒಂದು, ನಟ್ಟಿನ ಥ್ರೆಡ್. ಇನ್ನೊಂದು ಹೊರಗೆ ಕಾಣುವುದೇ ಇಲ್ಲ: ಸ್ಪ್ರಿಂಗಿನ ಸುರುಳಿ ತುದಿಯಲ್ಲಿ ಕೂರುವ ರಬ್ಬರ್ ಬುಷ್ಷಿನೊಳಗೆ ಉಕ್ಕಿನ ಸ್ಲೀವ್ (ಕೊಳವೆ) ಇದ್ದರೆ, ಬೋಲ್ಟು ಆ ಸ್ಲೀವಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ನಟ್ಟು ಸಲೀಸಾಗಿ ಬಿಚ್ಚಿ ಬಂದು, ಬೋಲ್ಟಿನ ತಲೆಯನ್ನು ತಿರುಗಿಸಿದಾಗ ಅದು ಸ್ವಲ್ಪ ತಿರುಗಿ, ಕೈ ಬಿಟ್ಟ ಕೂಡಲೇ ಹಿಂದಕ್ಕೆ ಬಂದರೆ ತಿರುಗುತ್ತಿರುವುದು ರಬ್ಬರ್ ಎಂದೇ ಅರ್ಥ. ಆಗ ಥ್ರೆಡ್ಡಿಗೆ ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಿಲ್ಲ. ಕೆಲವು ಶ್ಯಾಕಲ್‌ಗಳಲ್ಲಿ ಪಿನ್ನು ಒಂದು ಬದಿಯ ಪ್ಲೇಟಿಗೇ ಕೂಡಿಕೊಂಡಿರುತ್ತದೆ. ಅದರ ತಲೆ ತಿರುಗಿಸಲು ಹೊರಡುವುದೇ ವ್ಯರ್ಥ. ಮಹೀಂದ್ರ ಜೀಪುಗಳ ಮೂಲವಾದ ಅಮೆರಿಕದ ವಿಲ್ಲೀಸ್ ಕಾಲದ ಜೀಪುಗಳ ಯು ಆಕಾರದ ಶ್ಯಾಕಲ್‌ಗಳದ್ದು ಬೇರೆಯೇ ಬಗೆ: ಅವುಗಳ ಬುಷ್ಷಿಗೇ ಥ್ರೆಡ್ ಇರುತ್ತದೆ, ಕೆಲವು ಕಡೆ ಅದು ಎಡಸುತ್ತಿನದು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಇದನ್ನು ಗಮನಿಸದೆ ಬಿಚ್ಚುತ್ತಿದ್ದೇನೆಂದು ಅರ್ಧ ಗಂಟೆ ಬಿಗಿಯುತ್ತಲೇ ಕೂತವರಲ್ಲಿ ನಾನೂ ಒಬ್ಬ.

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಆಕ್ಸಲಿನ ಕೆಳಗೆ ಬೇರೊಂದು ಜ್ಯಾಕ್ ಇಡಬೇಕು. ಬರೀ ಜ್ಯಾಕನ್ನು ನಂಬಿ ಯಾರೂ ಕೆಳಗೆ ಮಲಗಬಾರದು. ಆಕ್ಸಲ್ ಜ್ಯಾಕನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸುತ್ತಾ ಹೋದರೆ ಶ್ಯಾಕಲ್ ಮೇಲಿನ ಎಳೆತ ಕಳೆದು ಅದು ಸಡಿಲವಾಗಿ ನಿಲ್ಲುವ ಒಂದು ಎತ್ತರ ಸಿಗುತ್ತದೆ. ಆ ಎತ್ತರ ಸಿಗದಿದ್ದರೆ ತುಕ್ಕಿಲ್ಲದ ಬೋಲ್ಟು ಕೂಡ ಹೊರಬರುವುದಿಲ್ಲ.

ಥ್ರೆಡ್ಡಿನಲ್ಲೇ ಹಿಡಿತವಿದ್ದರೆ ಮದ್ದು ತಾಳ್ಮೆ. ಹೊರಗೆ ಉಳಿದ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ, ನಟ್ಟಿನ ಬದಿಗಳಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಎಣ್ಣೆ ಒಳಗೆ ಇಳಿಯುವುದಕ್ಕೆ ಆ ಅದುರಾಟ ನೆರವಾಗುತ್ತದೆ. ಬಳಸುವ ಸಾಕೆಟ್ ಆರು ಮೂಲೆಯದ್ದೇ ಆಗಿರಲಿ, ಹನ್ನೆರಡು ಮೂಲೆಯದ್ದು ನಟ್ಟಿನ ಅಂಚನ್ನು ತಿಂದುಹಾಕುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ನಂತರ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಅಲುಗಿತೆಂದು ಒಂದೇ ಸಮನೆ ಎಳೆಯದೆ, ಕಾಲು ಸುತ್ತು ಮುಂದೆ, ಅರ್ಧ ಕಾಲು ಸುತ್ತು ಹಿಂದೆ ಎಂಬಂತೆ ಎಣ್ಣೆ ಹಾಕುತ್ತಾ ಸಾಗಬೇಕು.

ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜಗ್ಗುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಲೆಕ್ಕ ಹಾಕಿ ನೋಡಿ: ಒಂದು ಮೀಟರ್ ಪೈಪಿನ ತುದಿಯಲ್ಲಿ 50 ಕಿಲೋ ಭಾರ ಹಾಕಿದರೆ ಬೋಲ್ಟಿನ ಮೇಲೆ ಸುಮಾರು 490 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. 12 ಮಿಲಿಮೀಟರ್ ದಪ್ಪದ, 8.8 ದರ್ಜೆಯ (ಇದು ಬೋಲ್ಟಿನ ಗಟ್ಟಿತನದ ಗುರುತು) ಬೋಲ್ಟನ್ನು ಸಾಮಾನ್ಯವಾಗಿ ಬಿಗಿಯುವುದು 80ರಿಂದ 90 ನ್ಯೂಟನ್ ಮೀಟರಿಗೆ. ಅದರ ಐದು ಪಟ್ಟಿಗೂ ಹೆಚ್ಚು ಹಾಕಿದ ಮೇಲೆ ಬೋಲ್ಟು ಮುರಿಯಿತೆಂದು ಅಚ್ಚರಿಪಡುವುದರಲ್ಲಿ ಅರ್ಥವಿಲ್ಲ. ಇಂಪ್ಯಾಕ್ಟ್ ರೆಂಚ್ ಸಿಕ್ಕಿದರೆ ಅದೇ ಲೇಸು. ಅದರ ಸಣ್ಣ ಸಣ್ಣ ಏಟುಗಳು ತುಕ್ಕನ್ನು ಪುಡಿಗಟ್ಟುತ್ತವೆ.

ಇಷ್ಟಕ್ಕೂ ಮಣಿಯದಿದ್ದರೆ ಬೆಂಕಿ. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ನಟ್ಟನ್ನು. ಅದು ಹಿಗ್ಗಿದಾಗ ಥ್ರೆಡ್ಡಿನ ಹಿಡಿತ ಸಡಿಲವಾಗುತ್ತದೆ. ಅದಕ್ಕೆ ಮುನ್ನ ಎಣ್ಣೆಯನ್ನು ಒರೆಸಿ, ಬ್ರೇಕ್ ಪೈಪು, ವೈರಿಂಗು, ಡೀಸೆಲ್ ಟ್ಯಾಂಕು ಎಷ್ಟು ದೂರದಲ್ಲಿವೆ ಎಂದು ನೋಡಿಕೊಂಡು, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಬ್ರೇಕ್ ಕ್ಲೀನರಿನಿಂದ ಒರೆಸಿದ ಭಾಗಕ್ಕೆ ಬೆಂಕಿ ತೋರಿಸಲೇಬಾರದು: ಕ್ಲೋರಿನ್ ಇರುವ ಕ್ಲೀನರುಗಳು ಕಾದಾಗ ವಿಷಾನಿಲ ಹೊಮ್ಮುತ್ತದೆ. ಹೀಗೆ ಕೆಂಪಗೆ ಕಾದ ನಟ್ಟು ತನ್ನ ಗಟ್ಟಿತನ ಕಳೆದುಕೊಂಡಿರುತ್ತದೆ, ಅದನ್ನು ಮತ್ತೆ ಬಳಸುವಂತಿಲ್ಲ.

ಬೋಲ್ಟು ಸ್ಲೀವಿಗೆ ಅಂಟಿದ್ದರೆ ನಾನು ಹೆಚ್ಚು ಹೊತ್ತು ಹೋರಾಡುವುದಿಲ್ಲ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗುವಂತೆ ತಿರುಗಿಸಿಟ್ಟು, ಎದುರು ಬದಿಯ ಪ್ಲೇಟಿಗೆ ಗಟ್ಟಿಯಾಗಿ ಒತ್ತುಕೊಟ್ಟು, ದೊಡ್ಡ ಸುತ್ತಿಗೆಯಿಂದ ನಾಲ್ಕಾರು ಏಟು ಹಾಕಿ ನೋಡುತ್ತೇನೆ. ನಟ್ಟು ಅಲ್ಲೇ ಇದ್ದರೆ ಥ್ರೆಡ್ ಅರಳಿ ಹಾಳಾಗುವುದಿಲ್ಲ. ಅಲುಗದಿದ್ದರೆ ಶ್ಯಾಕಲ್ ಪ್ಲೇಟಿಗೂ ಬುಷ್ಷಿಗೂ ನಡುವಿನ ಸಂದಿಯಲ್ಲಿ ಎರಡೂ ಬದಿಯಿಂದ ಬೋಲ್ಟನ್ನು ಕತ್ತರಿಸುತ್ತೇನೆ. ಹೇಗಿದ್ದರೂ ಶ್ಯಾಕಲ್, ಬುಷ್, ಬೋಲ್ಟು ಮೂರೂ ಹೊಸದು ಬರಲಿವೆ. ಕಾಪಾಡಬೇಕಾದದ್ದು ಸ್ಪ್ರಿಂಗಿನ ಸುರುಳಿ ಮತ್ತು ಚಾಸಿಯ ಬ್ರಾಕೆಟ್ ಮಾತ್ರ. ತೆಳುವಾದ ಕಟಿಂಗ್ ವೀಲ್ ಹಾಕಿದ ಗ್ರೈಂಡರ್ ಸಾಕು, ಸಂದಿ ಕಿರಿದಾಗಿದ್ದರೆ ಹ್ಯಾಕ್ಸಾ ಬ್ಲೇಡು. ಕನ್ನಡಕವಿಲ್ಲದೆ ಗ್ರೈಂಡರ್ ಮುಟ್ಟಬಾರದು. ಸುರುಳಿಯಲ್ಲಿ ಉಳಿದ ಬುಷ್ಷನ್ನು ಸುಟ್ಟು ತೆಗೆಯುವ ರೂಢಿಯಿದೆ. ಆ ಹೊಗೆ ಕೆಟ್ಟದ್ದು, ಸ್ಪ್ರಿಂಗಿನ ಹದವೂ ಕೆಡಬಹುದು. ರಬ್ಬರನ್ನು ಡ್ರಿಲ್ಲಿನಿಂದ ಅಲ್ಲಲ್ಲಿ ಕೊರೆದು ಒತ್ತಿ ತೆಗೆಯುವುದು ಒಳ್ಳೆಯದು.

ಹೊಸ ಬೋಲ್ಟಿನ ತಲೆಯ ಮೇಲೆ ಹಳೆಯದರ ದರ್ಜೆಯೇ ಅಚ್ಚಾಗಿರಬೇಕು. ಹಾರ್ಡ್‌ವೇರ್ ಅಂಗಡಿಯ ಗುರುತಿಲ್ಲದ ಬೋಲ್ಟು ಇಲ್ಲಿಗೆ ಸಲ್ಲದು. ಬೋಲ್ಟಿನ ಮೈಗೂ ಸ್ಲೀವಿನ ಒಳಮೈಗೂ ತುಕ್ಕು ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿ, ಆದರೆ ಸಾಮಾನ್ಯ ಗ್ರೀಸ್ ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ, ಅದು ರಬ್ಬರನ್ನು ಉಬ್ಬಿಸುತ್ತದೆ. ವಾಹನ ಸ್ಟ್ಯಾಂಡಿನ ಮೇಲಿರುವಾಗ ನಟ್ಟನ್ನು ಕೈಬಿಗಿಯಷ್ಟೇ ಬಿಗಿದು, ಚಕ್ರ ನೆಲಕ್ಕೆ ಮುಟ್ಟಿ ವಾಹನದ ಭಾರ ಸ್ಪ್ರಿಂಗಿನ ಮೇಲೆ ಕೂತ ನಂತರವೇ ಕೈಪಿಡಿ ಹೇಳಿದ ಅಳತೆಗೆ ಪೂರ್ತಿ ಬಿಗಿಯಬೇಕು. ಮೊದಲೇ ಬಿಗಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಬಿದ್ದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು.