ನಂಬಲು ಆಗುತ್ತಿಲ್ಲ ಎನ್ನುವವರ ಜೊತೆ ಕೂರುವುದು ಹೇಗೆ?

ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟದಿಂದ ಮನೆಗಳಿಗೆ ಹೋಗಿ ಪ್ರಾರ್ಥಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. “ಅಕ್ಕಾ, ನನಗೆ ಈಗ ನಂಬಲು ಆಗುತ್ತಿಲ್ಲ” ಎಂಬ ಮಾತನ್ನು ಮಗನನ್ನು ಕಳೆದುಕೊಂಡ ತಾಯಿಯಿಂದಲೂ ಕೇಳಿದ್ದೇನೆ, ಕಾಲೇಜಿಗೆ ಹೋಗುವ ಹುಡುಗರಿಂದಲೂ ಕೇಳಿದ್ದೇನೆ. ಆಗ ಎದುರಿಗೆ ಕುಳಿತವರು ಏನು ಮಾಡಬೇಕು ಎಂಬುದಕ್ಕೆ ನನಗೆ ತಿಳಿದ ದಾರಿ ಒಂದೇ. ಇಂಥವರೊಂದಿಗೆ ದೇವರು ಹೇಗೆ ನಡೆದುಕೊಂಡನೆಂದು ಸತ್ಯವೇದದಲ್ಲಿ (ಬೈಬಲಿನಲ್ಲಿ) ನೋಡಿ, ಹಾಗೆಯೇ ನಡೆಯುವುದು.

ಮೊದಲು ಕೇಳಿ, ಉತ್ತರ ಆಮೇಲೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಕಾಯಿಲೆಯ ಮಗನನ್ನು ಕರೆತರುತ್ತಾನೆ. ಶಿಷ್ಯರ ಕೈಯಲ್ಲಿ ಏನೂ ಆಗಿಲ್ಲ, ಸುತ್ತ ವಾಗ್ವಾದ ನಡೆದಿದೆ, ಹುಡುಗ ನೆಲದ ಮೇಲೆ ಬಿದ್ದು ನೊರೆ ಕಾರುತ್ತಿದ್ದಾನೆ. ಅಷ್ಟು ಗದ್ದಲದ ನಡುವೆ ಯೇಸು ಆ ತಂದೆಯನ್ನು ಕೇಳುವುದು, ಇವನಿಗೆ ಇದು ಬಂದು ಎಷ್ಟು ಕಾಲವಾಯಿತು ಎಂದು. ಚಿಕ್ಕಂದಿನಿಂದಲೂ ಎಂದು ಶುರುಮಾಡಿದ ತಂದೆ, ಬೆಂಕಿಗೆ ಬಿದ್ದದ್ದು, ನೀರಿಗೆ ಬಿದ್ದದ್ದು ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಕೊನೆಗೆ, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು ಎಂದು ಕೂಗುತ್ತಾನೆ. ಆ ಅರೆನಂಬಿಕೆ ಪೂರ್ತಿಯಾಗಲಿ ಎಂದು ಯೇಸು ಕಾಯಲಿಲ್ಲ. ಹುಡುಗನ ಕೈಹಿಡಿದು ಎಬ್ಬಿಸಿದನು. ನೀವೂ “ಎಷ್ಟು ದಿನದಿಂದ ಹೀಗಿದೆ?” ಎಂದು ಕೇಳಿ, ಮಧ್ಯೆ ಬಾಯಿ ಹಾಕದೆ ಕುಳಿತುಕೊಳ್ಳಿ. ಬಹಳ ಮಂದಿಗೆ ಸಂಶಯ ಹುಟ್ಟಿದ್ದು ಪುಸ್ತಕದಿಂದಲ್ಲ, ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ಅದು ಹೊರಬರುವ ಮುಂಚೆ ನೀವು ಹೇಳುವ ವಚನ ಅವರಿಗೆ ಕೇಳಿಸುವುದಿಲ್ಲ.

ಊಟ, ನಿದ್ದೆಯ ವಿಚಾರ ಕೇಳುವುದನ್ನು ಮರೆಯಬೇಡಿ. ಒಂದನೆಯ ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಅಡವಿಯ ಗಿಡದ ಕೆಳಗೆ ಮಲಗಿ, ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ದೇವದೂತನು ಬುದ್ಧಿಮಾತು ಹೇಳುವುದಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ. ತಿಂದವನು ಮತ್ತೆ ಮಲಗುತ್ತಾನೆ. ಅದಕ್ಕೂ ಬೈಗುಳವಿಲ್ಲ, ಎರಡನೆಯ ಸಲವೂ ರೊಟ್ಟಿಯೇ. ದೇವರು ಅವನೊಡನೆ ಮಾತನಾಡಿದ್ದು ನಲವತ್ತು ದಿನದ ದಾರಿ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ. ಹಾಗಾಗಿ ನಾನು ಡಬ್ಬಿಯಲ್ಲಿ ಸಾರು-ಅನ್ನ ಒಯ್ಯುತ್ತೇನೆ. ಯಾರಾದರೂ ಎಲೀಯನಂತೆ ಸಾವಿನ ಮಾತಾಡಿದರೆ ಅದನ್ನು ನಂಬಿಕೆಯ ಕೊರತೆ ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಟ್ಟು ಬರಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಸಿಗುತ್ತದೆ.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ತೆರೆದು, ಸಂಶಯಪಡುವವನು ಸಮುದ್ರದ ತೆರೆಯಂತೆ ಎಂದು ಓದುವವರು ಪ್ರತಿ ಸಭೆಯಲ್ಲೂ ಇದ್ದಾರೆ. ಅದನ್ನು ಓದಲೇಬೇಕಾದರೆ ದಯವಿಟ್ಟು ಹಿಂದಿನ ವಚನದಿಂದ, ಐದನೆಯದರಿಂದ, ಆರಂಭಿಸಿ. ಕೇಳಿದವರಿಗೆ ದೇವರು ಹಂಗಿಸದೆ ಕೊಡುತ್ತಾನೆ ಎಂಬುದು ಅಲ್ಲಿದೆ. ಯೂದನ ಪತ್ರಿಕೆಯ 22ನೇ ವಚನವಂತೂ ಸಂಶಯಪಡುವವರಿಗೆ ಕರುಣೆ ತೋರಿಸಿರಿ ಎಂದು ನೇರವಾಗಿ ನಮಗೇ ಹೇಳುತ್ತದೆ.

ಪ್ರಾರ್ಥನೆ ಚಿಕ್ಕದಾಗಿರಲಿ. “ನನ್ನ ಬಾಯಲ್ಲಿ ಸ್ತೋತ್ರ ಬರುವುದಿಲ್ಲ” ಎನ್ನುವವರಿಗೆ 13ನೇ ಕೀರ್ತನೆ ಕೊಡಿ; ಆರೇ ವಚನ, ಮೊದಲೆರಡರಲ್ಲೇ ಎಲ್ಲಿಯವರೆಗೆ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದರ ಕೊನೆಯ ಸ್ತುತಿಯೂ ಹೆಚ್ಚಾಯಿತು ಎನ್ನುವವರಿಗೆ 88ನೆಯದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೆಂದೇ ಸತ್ಯವೇದದಲ್ಲಿ ಉಳಿದಿದೆ. ಅದನ್ನು ಓದಿದ ಮೇಲೆ ಸಮಾಧಾನದ ಮಾತು ಸೇರಿಸಲು ಹೋಗಬೇಡಿ.

ಇನ್ನು ಯೇಸುವಿನ ಶಿಷ್ಯ ತೋಮನ ವಿಷಯ. ಅವನನ್ನು ಸಂಶಯದ ತೋಮ ಎಂದು ಕರೆದು ಮುಗಿಸಿಬಿಡುವುದು ನನಗೆ ನೋವು ತರುತ್ತದೆ. ಯೋಹಾನ 20ನ್ನು ನಿಧಾನವಾಗಿ ಓದಿ. ಯೇಸು ಶಿಲುಬೆಯಲ್ಲಿ ಸತ್ತು ಎದ್ದ ಮೇಲೆ, ಉಳಿದ ಶಿಷ್ಯರು ಕರ್ತನನ್ನು ನೋಡಿದೆವು ಎಂದರು, ಅವನು ಗಾಯದಲ್ಲಿ ಬೆರಳಿಡದ ಹೊರತು ನಂಬುವುದೇ ಇಲ್ಲ ಎಂದನು. ಎಂಟು ದಿನಗಳ ನಂತರ ಬಾಗಿಲು ಮುಚ್ಚಿದ ಅದೇ ಮನೆಯೊಳಗೆ ಅವನೂ ಇದ್ದಾನೆ! ಆ ವಾರವಿಡೀ ಯಾರೂ ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಬಿಟ್ಟುಹೋಗಲಿಲ್ಲ. ಯೇಸು ಬಂದು ಅವನು ಕೇಳಿದ್ದನ್ನೇ ಎತ್ತಿಕೊಂಡು, ಬೆರಳು ಚಾಚು ಎನ್ನುತ್ತಾನೆ. ನಮ್ಮ ನೆರೆಯ ಕೇರಳದ ಪುರಾತನ ಸಭೆಗಳು, ಕ್ರಿ.ಶ. 52ರಲ್ಲಿ ತಮ್ಮ ನೆಲಕ್ಕೆ ಸುವಾರ್ತೆ ತಂದವನು ಇದೇ ತೋಮ ಎಂದು ಪರಂಪರೆಯಿಂದ ಹೇಳಿಕೊಂಡು ಬಂದಿವೆ.

ಆ ಎಂಟು ದಿನಗಳ ಮನೆಯಾಗಿರುವುದೇ ನಮ್ಮ ಕೆಲಸದ ದೊಡ್ಡ ಪಾಲು. ನಮ್ಮಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಂಗಿ ಆರಾಧನೆಗೆ ಕೂರಲಾರೆ ಎಂದಳು. ಆರಾಧನೆಯ ನಂತರದ ಚಹಾ ಮಾತ್ರ ತಾನೇ ಮಾಡುತ್ತೇನೆ ಎಂದಳು. ಈಗಲೂ ಭಾನುವಾರ ಹಿಂದಿನ ಬಾಗಿಲಿನಿಂದ ಬಂದು ಶುಂಠಿ ಜಜ್ಜುತ್ತಾಳೆ. ಒಳಗೆ ಬಾ ಎಂದು ಯಾರೂ ಒತ್ತಾಯಿಸುವುದಿಲ್ಲ, ಅಡುಗೆಮನೆಯ ಕಿಟಕಿಯನ್ನು ತೆರೆದಿಡುತ್ತೇವೆ, ಹಾಡು ಅಲ್ಲಿಗೂ ಕೇಳುತ್ತದೆ. ನಿಮ್ಮ ಸಭೆಯಲ್ಲಿ ಇಂಥವರಿದ್ದರೆ ಅವರಿಗೆ ಒಪ್ಪುವ ಒಂದು ಕೆಲಸ ಕೊಡಿ. ಕ್ರಿಸ್ಮಸ್ ಕೂಟದ ಪಟ್ಟಿ ಬರೆಯುವಾಗ, ಕಳೆದ ವರ್ಷ ಬಂದಿರಲಿ ಬಿಡಲಿ, ಅವರ ಹೆಸರನ್ನೂ ಬರೆಯಿರಿ.